ಕಿಟಕಿಗೆ ಮೂವತ್ತೊಂದು ಹೆಜ್ಜೆ

ಹುಬ್ಬಳ್ಳಿ, ಏಳನೇ ಗೋಪುರ, ಹದಿನಾಲ್ಕನೇ ಮಹಡಿ
ಫೆಬ್ರವರಿ 30, 2191

ನಮಗಿಂತ ಮೊದಲು ಈ ಊರಿನಲ್ಲಿ ಮನೆ ಮಾಡಿಕೊಂಡು ಇರುವವರಿಗೆ,

ದಿನಾಂಕ ಕೈತಪ್ಪಿನಿಂದ ಹಾಗಾದದ್ದಲ್ಲ. ನಿಮ್ಮ ಕ್ಯಾಲೆಂಡರಿನ ಫೆಬ್ರವರಿಗೆ ಮೂವತ್ತನೇ ದಿನವಿಲ್ಲ ಎಂಬುದು ನನಗೆ ಗೊತ್ತು. ನಮ್ಮ ಕಾಲದಲ್ಲಿ ಜುಲೈ, ಆಗಸ್ಟ್‌ಗಳಿಂದ ಒಂದೊಂದು ದಿನ ತೆಗೆದು ಫೆಬ್ರವರಿಗೆ ಸೇರಿಸಿದ್ದಾರೆ. ಪತ್ರದಲ್ಲಿ ನಿಮಗೆ ಹೊಸದೆನಿಸುವ ಕೆಲವು ಮಾತುಗಳು ಬರುತ್ತವೆ, ಬಂದಲ್ಲೇ ಅರ್ಥ ಹೇಳುತ್ತೇನೆ. ನಿಮಗೆ ಬರೆಯುವ ಭಾಷೆಯನ್ನು ನಾನು ಕಲಿತದ್ದು ನಿಮ್ಮ ಕಾಲದ ಹಳೆಯ ದಿನಪತ್ರಿಕೆಗಳನ್ನು ಓದಿ. ಎಲ್ಲಾದರೂ ಮಾತು ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿ.

ನನ್ನ ಹೆಸರು ದಾಕ್ಷಾಯಣಿ ಬಡಿಗೇರ. ನಮ್ಮ ಗೋಪುರದಲ್ಲಿ ನಾನೂರ ಹನ್ನೆರಡು ಮನೆಗಳಿವೆ. ಅವುಗಳಿಗೆಲ್ಲ ದಿನವೂ ಬೆಳಿಗ್ಗೆ ಎರಡು ಪುಟದ 'ಗೋಪುರ ವಾರ್ತೆ' ಬರೆದು, ಅಚ್ಚು ಹಾಕಿ ಹಂಚುವುದು ನನ್ನ ಕೆಲಸ. ಯಾರ ಮನೆಯಲ್ಲಿ ಮದುವೆ, ಯಾವ ಮಹಡಿಯಲ್ಲಿ ನೀರು ನಿಂತಿದೆ, ಲಿಫ್ಟ್ ಎಷ್ಟು ಹೊತ್ತು ಕೆಟ್ಟಿತ್ತು ಎಂಬುದೆಲ್ಲ ಅದರಲ್ಲಿರುತ್ತದೆ. ನಮ್ಮ ಪತ್ರಿಕೆಗೆ ಒಂದು ನಿಯಮವುಂಟು. ತಪ್ಪು ಸುದ್ದಿ ಯಾವ ಜಾಗದಲ್ಲಿ, ಎಷ್ಟು ದೊಡ್ಡದಾಗಿ ಅಚ್ಚಾಗಿತ್ತೋ ತಿದ್ದುಪಡಿಯೂ ಅದೇ ಜಾಗದಲ್ಲಿ, ಅಷ್ಟೇ ದೊಡ್ಡದಾಗಿ ಬರಬೇಕು. ಈ ಪತ್ರವೂ ಅಂಥದೊಂದು ತಿದ್ದುಪಡಿಯೇ.

ಮೊದಲು ನಮ್ಮ ಮನೆಗಳ ಬಗ್ಗೆ ಹೇಳಬೇಕು. ನಗರಸಭೆ ನಮಗೆ ಕೊಡುವುದು ಉದ್ದನೆಯ ಒಂದೇ ಹಜಾರ. ಪಶ್ಚಿಮದ ತುದಿಗೆ ಬಚ್ಚಲು, ಪೂರ್ವದ ತುದಿಗೆ ದೊಡ್ಡ ಕಿಟಕಿ. ಇವೆರಡನ್ನು ಕದಲಿಸುವಂತಿಲ್ಲ. ನಡುವೆ ಇರುವುದೆಲ್ಲ ದಂಟುಗೋಡೆ, ಅಂದರೆ ಜೋಳದ ದಂಟನ್ನು ಒತ್ತಿ ಮಾಡಿದ ಹಗುರ ಹಲಗೆ. ಹತ್ತು ವರ್ಷದ ಹುಡುಗಿಯೂ ಅದನ್ನು ಎತ್ತಿ ನೆಲದಲ್ಲಿ ಕೊರೆದ ಸೀಳಿನಲ್ಲಿ ಕೂರಿಸಬಲ್ಲಳು. ಒಲೆಗೂ ಗಾಲಿಗಳಿವೆ. ವರ್ಷಕ್ಕೊಮ್ಮೆ, ಫೆಬ್ರವರಿ ಮೂವತ್ತರಂದು, ಊರಿಗೆಲ್ಲ ರಜೆ. ಆ ದಿನದ ಹೆಸರು ಗೋಡೆ ದಿನ. ಅಂದು ಪ್ರತಿ ಮನೆಯಲ್ಲೂ ಒಬ್ಬರ ಸರದಿ. ಗೋಡೆ ಎಲ್ಲಿ, ಮಂಚ ಎಲ್ಲಿ, ಗೋಡೆಗೆ ಏನು ತೂಗುಹಾಕಬೇಕು ಎಂಬುದನ್ನು ಅವರೊಬ್ಬರೇ ಹೇಳಬೇಕು, ಉಳಿದವರು ಮಾಡಬೇಕು. ಒಪ್ಪಿಗೆಯಿಲ್ಲದವರು ಮನೆಯ ದಫ್ತರದಲ್ಲಿ ತಕರಾರು ಬರೆಯಬಹುದು. ಬರೆದರೂ ಮುಂದಿನ ಗೋಡೆ ದಿನದವರೆಗೆ ಏನೂ ಬದಲಾಗುವುದಿಲ್ಲ. ಬೆಳಿಗ್ಗೆ ಎಲ್ಲ ಮಹಡಿಗಳಲ್ಲೂ ಗೋಡೆ ಎಳೆಯುವ ಸದ್ದು ಕೇಳಿಸುತ್ತದೆ, ಬಾಗಿಲುಗಳೆಲ್ಲ ತೆರೆದಿರುತ್ತವೆ, ಮಧ್ಯಾಹ್ನ ಒಬ್ಬರ ಮನೆಗೊಬ್ಬರು ಹೋಗಿ ನೋಡಿ, ಹೊಗಳಿ, ಒಂದಿಷ್ಟು ಆಡಿಕೊಂಡು, ಹೋಳಿಗೆ ತಿಂದು ಬರುತ್ತಾರೆ. ನಮಗೆ ಇದಕ್ಕಿಂತ ದೊಡ್ಡ ಹಬ್ಬವಿಲ್ಲ.

ನಮ್ಮ ಮನೆಯಲ್ಲಿ ನಾಲ್ವರು. ನಾನು, ನನ್ನ ಮಗಳು ಸುಗುಣಾ, ಚಿಕ್ಕಂದಿನಿಂದ ನನ್ನನ್ನು ಸಾಕಿದ ದೊಡ್ಡಪ್ಪ ಮೌನೇಶ ಮತ್ತು ದೊಡ್ಡವ್ವ ಕಾಳವ್ವ. ದೊಡ್ಡಪ್ಪ ಮೂವತ್ತೆಂಟು ವರ್ಷ ರೈಲ್ವೆಯಲ್ಲಿದ್ದವರು. ನಮ್ಮ ಪೂರ್ವದ ಕಿಟಕಿಯಿಂದ ಹಳಿಗಳು ಕಾಣುತ್ತವೆ. ನಿವೃತ್ತಿಯಾದ ಮೇಲೂ ಅವರು ಅಲ್ಲಿ ಕೂತು ಬರುವ ಹೋಗುವ ಗಾಡಿಗಳ ಹಾಜರಿ ತೆಗೆದುಕೊಳ್ಳುತ್ತಿದ್ದರು.

2188ರ ಕೊನೆಗೆ ಅವರು ಜಾರಿಬಿದ್ದು ತೊಡೆಯ ಎಲುಬು ಮುರಿಯಿತು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಮನೆಗೆ ಬಂದ ಎರಡೇ ವಾರಕ್ಕೆ ಗೋಡೆ ದಿನ, ಆ ವರ್ಷದ ಸರದಿ ನನ್ನದು. ನಾನು ಅಳತೆ ಟೇಪು ಹಿಡಿದು ಮೂರು ದಿನ ಲೆಕ್ಕ ಹಾಕಿದೆ. ಬಚ್ಚಲಿಗೆ ನಾಲ್ಕೇ ಹೆಜ್ಜೆಯಾಗುವಂತೆ ಮಂಚವನ್ನು ಪಶ್ಚಿಮದ ತುದಿಗೆ ಹಾಕಿಸಿದೆ. ನೀರು, ಔಷಧ, ಟಿವಿ, ಪತ್ರಿಕೆ ಎಲ್ಲ ಕೈಗೆಟಕುವಂತೆ ಇಡಿಸಿದೆ. ನಮ್ಮ ಗದ್ದಲ ಅವರಿಗೆ ತಾಗಬಾರದೆಂದು ಸುತ್ತ ದಂಟುಗೋಡೆ ನಿಲ್ಲಿಸಿದೆ. ಅವಕ್ಕೂ ಹಜಾರದ ಉದ್ದಗೋಡೆಗೂ ನೆಮ್ಮದಿಯ ಬಣ್ಣವೆಂದು ನಗರಸಭೆಯ ಕೈಪಿಡಿ ಹೇಳುವ ತಿಳಿಬೂದಿ ಬಣ್ಣ ಹಚ್ಚಿದೆ. ಊಟ ತಾಟಿನಲ್ಲಿ ಅಲ್ಲಿಗೇ ಹೋಗುತ್ತಿತ್ತು. ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, 'ನಾಲ್ಕು ಹೆಜ್ಜೆಯ ಮನೆ' ಎಂಬ ತಲೆಬರಹ ಕೊಟ್ಟು ನಕ್ಷೆ ಸಮೇತ ಮುಖಪುಟದಲ್ಲಿ ಅಚ್ಚು ಹಾಕಿದೆ. ಅದನ್ನು ನೋಡಿ ಇಪ್ಪತ್ತಮೂರು ಮನೆಯವರು ತಮ್ಮ ಮನೆಯ ಹಿರಿಯರಿಗೂ ಹಾಗೆಯೇ ಮಾಡಿದರು.

ನಾವು ಹೆಜ್ಜೆಲೆಕ್ಕದ ಜನ. ಎದ್ದು ಹೋಗಬೇಕಾದ ಹೆಜ್ಜೆಗಳು ಎಷ್ಟು ಕಡಿಮೆಯೋ ಮನೆ ಅಷ್ಟು ಸುಖದ್ದು ಎಂದು ನಂಬಿ ಬೆಳೆದವರು. ಈ ನಂಬಿಕೆ ನಿಮ್ಮ ಕಾಲದಲ್ಲೇ ಮೊಳೆತದ್ದಿರಬೇಕು. ನಿಮ್ಮ ಪತ್ರಿಕೆಗಳ ಜಾಹೀರಾತುಗಳಲ್ಲಿ ಎಲ್ಲವೂ ಕೂತಲ್ಲಿಗೇ ಬರುವುದನ್ನು ನಾನು ನೋಡಿದ್ದೇನೆ. ನಿಮ್ಮನ್ನು ದೂರುತ್ತಿಲ್ಲ, ನಮಗೂ ಅದು ಸರಿಯೆಂದೇ ತೋರಿತ್ತು.

ಆ ವರ್ಷ ದೊಡ್ಡಪ್ಪ ಒಂದು ಸಲವೂ ಬೀಳಲಿಲ್ಲ, ಇದು ನಿಜ. ಆದರೆ ಮಳೆಗಾಲ ಮುಗಿಯುವ ಹೊತ್ತಿಗೆ ಅವರು ತಮಾಷೆ ಮಾಡುವುದನ್ನು ಬಿಟ್ಟಿದ್ದರು. ದೀಪಾವಳಿಯ ಹೊತ್ತಿಗೆ ಅವರ ಮಾತೆಲ್ಲ ಹೊಟ್ಟೆ, ನಿದ್ದೆ, ಮಾತ್ರೆಗಳ ಸುತ್ತಲೇ ಇತ್ತು. ಆಮೇಲೆ ಅದೂ ಕಡಿಮೆಯಾಯಿತು. ಜನವರಿಯಲ್ಲಿ ವ್ಯಾಯಾಮ ಹೇಳಿಕೊಡುವ ಡಾಕ್ಟರು ಬಂದು ಕಾಲುಗಳನ್ನು ಒತ್ತಿ ನೋಡಿ, ಎಲುಬು ಕೂಡಿಕೊಂಡಿದೆ, ಮಾಂಸಖಂಡಗಳು ಕರಗುತ್ತಿವೆ ಎಂದರು. ಯುಗಾದಿಯೊಳಗೆ ಹಜಾರದ ಈ ತುದಿಯಿಂದ ಆ ತುದಿಗೆ ಯಾರ ಆಸರೆಯೂ ಇಲ್ಲದೆ ನಡೆಯದಿದ್ದರೆ ಇನ್ನು ನಡೆಯುವ ಆಸೆ ಬಿಡಬೇಕು ಎಂದೂ ಹೇಳಿದರು. ನಾನು ಕೋಲು ತಂದೆ, ವೇಳಾಪಟ್ಟಿ ಬರೆದು ಮಂಚದ ಎದುರಿಗೆ ಅಂಟಿಸಿದೆ. ದೊಡ್ಡಪ್ಪ ಅದನ್ನು ಓದಿ ಗೋಡೆಯ ಕಡೆ ಹೊರಳಿ ಮಲಗಿದರು.

2190ರ ಗೋಡೆ ದಿನ ದೊಡ್ಡವ್ವನ ಸರದಿ. ಕಾಳವ್ವ ಮಾತಿಗಿಂತ ಕೈಯಿಂದ ಕೆಲಸ ಮಾಡುವವಳು. ಬೆಳಿಗ್ಗೆ ಎದ್ದವಳೇ ದೊಡ್ಡಪ್ಪನ ಸುತ್ತಲ ದಂಟುಗೋಡೆಗಳನ್ನೆಲ್ಲ ತೆಗೆಸಿದಳು. ಮಂಚ ಇದ್ದಲ್ಲೇ ಇರಲಿ ಎಂದಳು. ಅವರ ಕುರ್ಚಿಯನ್ನು ಪೂರ್ವದ ಕಿಟಕಿಗೆ ಸಾಗಿಸಿದಳು. ಒಲೆಯನ್ನು ಹಜಾರದ ನಡುವಿಗೆ ಉರುಳಿಸಿದಳು. ಮಂಚದಿಂದ ಕಿಟಕಿಯವರೆಗೆ ಮೂರು ಪೆಟ್ಟಿಗೆ, ಹೊಲಿಗೆ ಯಂತ್ರ, ಉಪ್ಪಿನಕಾಯಿ ಭರಣಿಗಳ ಕಟ್ಟೆ, ಸುಗುಣಾಳ ಪುಸ್ತಕದ ಕಪಾಟು, ಎಲ್ಲವನ್ನೂ ಸೊಂಟದ ಎತ್ತರಕ್ಕೆ ಒಂದರ ಪಕ್ಕ ಒಂದು ನಿಲ್ಲಿಸಿದಳು. ಎಲ್ಲಿ ಕೈ ಚಾಚಿದರೂ ಹಿಡಿಯಲು ಏನಾದರೊಂದು ಸಿಗಬೇಕು. ಅದನ್ನು ಅವಳು ಕೈಹಾದಿ ಎಂದು ಕರೆದಳು. ಆ ಪದ ಅಂದೇ ಹುಟ್ಟಿದ್ದು. ಹಜಾರದ ಬೂದಿ ಬಣ್ಣದ ಉದ್ದಗೋಡೆಯ ಮೇಲೆ, ನಡುದಾರಿಯಲ್ಲಿ, ಮನೆಯ ಹಳೆಯ ಕೌದಿ ತೂಗುಹಾಕಿದಳು. ನಾಲ್ಕು ತಲೆಮಾರಿನ ಸೀರೆ, ಅಂಗಿಗಳ ತುಂಡು ಸೇರಿಸಿ ಹೊಲಿದ ಕೌದಿ, ಕೆಂಪು, ಹಳದಿ, ಗಿಳಿಹಸಿರು. ಕೊನೆಗೆ ಹೇಳಿದಳು: ರೊಟ್ಟಿ ಒಲೆಯ ಹತ್ತಿರ ಸಿಗುತ್ತದೆ, ಚಹಾ ಕಿಟಕಿಯ ಹತ್ತಿರ, ಮಂಚಕ್ಕೆ ಏನೂ ಬರುವುದಿಲ್ಲ.

ನಾನು ಟೇಪು ಹಿಡಿದೆ. ಮಂಚದಿಂದ ಕಿಟಕಿಗೆ ಮೂವತ್ತೊಂದು ಹೆಜ್ಜೆ. ನಾಲ್ಕು ಹೆಜ್ಜೆಗೇ ಏದುಸಿರು ಬಿಡುವ ಮನುಷ್ಯನಿಗೆ ಇದು ಶಿಕ್ಷೆ ಎಂದು ದಫ್ತರದಲ್ಲಿ ತಕರಾರು ಬರೆದೆ, ಸಹಿ ಹಾಕಿದೆ, ಅವಳ ಮುಂದೆ ಓದಿಯೂ ಹೇಳಿದೆ. ಕಾಳವ್ವ ಕೌದಿಯ ಮೂಲೆಗೆ ಮೊಳೆ ಹೊಡೆಯುತ್ತಲೇ ಕೇಳಿದಳು.

"ಎಲುಬು ಕೂಡೇತಿ ಅಂತ ಡಾಕ್ಟರ ಹೇಳ್ಯಾರ. ಹೋಗಬೇಕಂದ್ರ ಹೋಗಾಕ ಒಂದ ಜಾಗಾ ಬೇಕಲ್ಲವಾ? ಎಲ್ಲಾ ತಂದು ಬಾಯಿಗೇ ಇಟ್ರ ಮನಶ್ಯಾಗ ಕಾಲು ಯಾಕ ಬೇಕು?"

ಮಂಚದ ಮೇಲಿಂದ ದೊಡ್ಡಪ್ಪ ಕಿಟಕಿಯನ್ನು ನೋಡಿದರು. ಒಂದು ವರ್ಷದ ಮೇಲೆ ಅದು ಅವರ ಕಣ್ಣಿಗೆ ಬಿದ್ದಿತ್ತು.

"ಅಲ್ಲೀತನ ಹೋಗೂದಂದ್ರ ಧಾರವಾಡಕ್ಕ ನಡಕೊಂಡು ಹೋದಂಗಾತು" ಎಂದರು.

"ಹೋಗ್ರಿ ಮತ್ತ. ಬರೂ ಮುಂದ ಪೇಡೆ ತರ್ರಿ."

ಮೊದಲ ದಿನ ಮಧ್ಯಾಹ್ನದವರೆಗೆ ದೊಡ್ಡಪ್ಪ ಮಂಚ ಬಿಡಲಿಲ್ಲ. ಒಲೆಯಿಂದ ಎಣ್ಣೆಗಾಯಿ ಬದನೆಕಾಯಿಯ ಘಮಲು ಬರುತ್ತಿತ್ತು. ತಾಟು ಹಿಡಿದು ಓಡಬೇಕೆಂದು ನನ್ನ ಕಾಲುಗಳೇ ಎದ್ದವು, ದೊಡ್ಡವ್ವ ಕಣ್ಣಿನಲ್ಲೇ ಕೂರಿಸಿದಳು. ಎರಡು ಗಂಟೆಗೆ ಅವರು ಪೆಟ್ಟಿಗೆ ಹಿಡಿದು ಎದ್ದರು. ಬೈಯುತ್ತ ಬೈಯುತ್ತ ಒಲೆಯವರೆಗೆ ಬಂದರು, ಹದಿನಾಲ್ಕು ಹೆಜ್ಜೆ. ಎರಡು ರೊಟ್ಟಿ ಹೆಚ್ಚು ತಿಂದರು.

ಮೂರನೇ ದಿನ ಕೌದಿಯ ಮುಂದೆ ನಿಂತುಬಿಟ್ಟರು. ಗಿಳಿಹಸಿರು ತುಂಡು ತಮ್ಮ ತಂಗಿಯ ಮದುವೆ ಸೀರೆಯದು ಎಂದರು. ತನ್ನ ಸೀರೆಯದು ಎಂದು ಕಾಳವ್ವ ವಾದಿಸಿದಳು. ನಿನಗೆ ಅಂಥ ಸೀರೆ ಯಾವಾಗ ತಂದುಕೊಟ್ಟೆ ಎಂದು ಅವರು ಕೇಳಿದರು. ಅದನ್ನೇ ನಾನೂ ಕೇಳುತ್ತಿದ್ದೇನೆ ಎಂದು ಅವಳು ತಿರುಗಿ ಹೇಳಿದಳು. ಸುಗುಣಾ ನಕ್ಕು ನಕ್ಕು ನೆಲದ ಮೇಲೆ ಕೂತಳು. ದೊಡ್ಡಪ್ಪ ಎಷ್ಟು ಹೊತ್ತು ನಿಂತಿದ್ದರು ಎಂದು ನಾನು ಆಮೇಲೆ ಗಡಿಯಾರ ನೋಡಿ ತಿಳಿದೆ. ಒಂಬತ್ತು ನಿಮಿಷ. ನನ್ನ ವೇಳಾಪಟ್ಟಿಯಲ್ಲಿ ನಿಲ್ಲಲು ಕೊಟ್ಟಿದ್ದ ಸಮಯ ಒಂದು ನಿಮಿಷ.

ಇಪ್ಪತ್ತನೇ ದಿನದ ಸಂಜೆ ನಾನು ಮೇಜಿನ ಮುಂದೆ ಮರುದಿನದ ಪತ್ರಿಕೆ ಜೋಡಿಸುತ್ತಿದ್ದೆ. ಯುಗಾದಿಗೆ ಇನ್ನೂ ಹನ್ನೊಂದು ದಿನವಿತ್ತು. ಹಿಂದಿನಿಂದ ಯಾರೋ ಸಾವಕಾಶವಾಗಿ ಹಾದುಹೋದಂತಾಯಿತು. ತಿರುಗಿ ನೋಡಿದರೆ ದೊಡ್ಡಪ್ಪ. ಒಂದು ಕೈಯೂ ಕೈಹಾದಿಯ ಮೇಲಿರಲಿಲ್ಲ. ಕಿಟಕಿ ಮುಟ್ಟಿ, ಕುರ್ಚಿಯಲ್ಲಿ ಕೂತು, ಹಳಿಗಳ ಕಡೆ ಬಗ್ಗಿದರು. ಕೆಳಗೆ ಗಾಡಿಯೊಂದು ಹಳಿ ಬದಲಿಸುತ್ತ ಒಳಬಂತು.

"ಎರಡ ನಿಮಿಷ ತಡಾ ಐತಿ ಇದು" ಎಂದರು ದೊಡ್ಡಪ್ಪ.

ಕಾಳವ್ವ ಚಹಾದ ಲೋಟ ಅವರ ಕೈಗೆ ಕೊಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ಒಲೆಗೆ ಮರಳಿದಳು. ನಾನು ದಫ್ತರ ತೆಗೆದು ನನ್ನ ತಕರಾರಿನ ಕೆಳಗೆ ದಿನಾಂಕ, ಸಮಯ, ಮೂವತ್ತೊಂದು ಎಂಬ ಅಂಕಿ ಬರೆದು, ಮೇಲಿನದನ್ನು ಹೊಡೆದುಹಾಕಿದೆ.

ಮರುದಿನ ಮುಖಪುಟದಲ್ಲಿ, 'ನಾಲ್ಕು ಹೆಜ್ಜೆಯ ಮನೆ' ಇದ್ದ ಜಾಗದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ತಿದ್ದುಪಡಿ ಬಂತು. ಇಪ್ಪತ್ತಮೂರು ಮನೆಗಳಿಗೂ ನಾನೇ ಹೋಗಿ ಹೇಳಿದೆ. ಹದಿನೇಳು ಮನೆಯವರು ಗೋಡೆ ದಿನಕ್ಕೂ ಕಾಯದೆ ಕುರ್ಚಿಗಳನ್ನು ದೂರ ಇಟ್ಟರು. ಎರಡು ಮನೆಯವರು ನನ್ನನ್ನು ಬೈದರು. ಉಳಿದ ನಾಲ್ಕು ಮನೆಗಳ ಹಿರಿಯರಿಗೆ ನಿಜವಾಗಿಯೂ ಏಳಲಾಗುತ್ತಿರಲಿಲ್ಲ. ಅಲ್ಲಿ ಕಾಳವ್ವ ಹೋಗಿ, ಆ ವರ್ಷದ ಸರದಿಯವರನ್ನು ಒಪ್ಪಿಸಿ, ಮಂಚವನ್ನೇ ಕಿಟಕಿಗೆ ಎಳೆಸಿ, ಒಲೆಯನ್ನು ಪಕ್ಕಕ್ಕೆ ತರಿಸಿ ಬಂದಳು. ಹೆಜ್ಜೆ ಹೆಚ್ಚಿಸುವುದೇ ಮದ್ದು ಎಂದು ನಾನು ಎರಡನೇ ತಪ್ಪು ಅಚ್ಚು ಮಾಡುವುದನ್ನು ಅದು ತಪ್ಪಿಸಿತು. ಮನುಷ್ಯನಿಗೂ ಅವನ ಇಷ್ಟದ್ದಕ್ಕೂ ನಡುವೆ ದಾರಿ ತೆರೆದಿರಬೇಕು. ಎಷ್ಟು ಉದ್ದದ ದಾರಿ ಎಂಬುದನ್ನು ಆ ಮನುಷ್ಯನನ್ನು ಬಲ್ಲವರು ಹೇಳಬೇಕು, ಟೇಪು ಹೇಳಲಾರದು.

ಇವತ್ತಿನ ಸರದಿ ದೊಡ್ಡಪ್ಪನದು. ಬೆಳಿಗ್ಗೆ ಆರಕ್ಕೇ ಎದ್ದು ಹಜಾರದಲ್ಲಿ ಓಡಾಡುತ್ತಿದ್ದರು. ಕೌದಿ ಇದ್ದಲ್ಲೇ ಇರಲಿ, ಬೂದಿ ಬಣ್ಣ ಹೋಗಲಿ, ಸುಗುಣಾಳಿಗೆ ಯಾವ ಬಣ್ಣ ಬೇಕೋ ಅದನ್ನು ಬಳಿಯಲಿ ಎಂದರು. ಅವಳು ಅರಿಸಿನ ಬಣ್ಣ ಕೇಳಿದಳು, ಈಗ ಅವಳ ಕೂದಲಿಗೂ ಅದೇ ಬಣ್ಣ. ಆಮೇಲೆ ದೊಡ್ಡಪ್ಪ ನನ್ನ ಮೇಜಿನ ಮುಂದೆ ಬಂದು ನಿಂತರು. ನನ್ನ ಮೇಜಿನ ವಿಷಯ ನಿಮಗೆ ಇನ್ನೂ ಹೇಳಿಲ್ಲ. ಕಾಗದ, ಅಚ್ಚಿನ ಯಂತ್ರ, ಚಹಾದ ಕೆಟಲಿ, ಚಕ್ಕಲಿ ಡಬ್ಬಿ, ಎಲ್ಲ ಅದರ ಮೇಲೆ. ಎರಡು ವರ್ಷದಿಂದ ನನಗೆ ಕುತ್ತಿಗೆ ನೋವು. ಅವ್ವ ನನ್ನ ಜೊತೆ ಚೀಟಿ ಬರೆದು ಮಾತಾಡುತ್ತಾಳೆ ಎಂದು ಮಗಳು ಶಾಲೆಯಲ್ಲಿ ಹೇಳಿಬಂದಿದ್ದಳು. ಅದು ಸುಳ್ಳೇನೂ ಅಲ್ಲ.

"ಇದನ್ನ ಎತ್ತಿ ನನ್ನ ಕಿಟಕಿ ಹಂತ್ಯಾಕ ಒಯ್ರಿ. ಕೆಟಲಿ ಒಲಿ ಕಡೆ ಇರ್ಲಿ. ಚಕ್ಕಲಿ ಡಬ್ಬಿ ಸುಗುಣಾನ ಕಪಾಟಿನ್ಯಾಗ. ಬೇಕಾದ್ರ ಇಕಿ ಅಕೀನ ಕೇಳಿ ಇಸ್ಕೊಳ್ಲಿ" ಎಂದು, ನನ್ನ ಕಡೆ ತಿರುಗಿ ಕೇಳಿದರು. "ತಕರಾರ ಬರೀತಿ ಏನವಾ?"

ಬರೆಯಲಿಲ್ಲ. ಈ ಪತ್ರವನ್ನು ಕಿಟಕಿಯ ಪಕ್ಕದಲ್ಲಿ ಕೂತು ಬರೆಯುತ್ತಿದ್ದೇನೆ. ಪಕ್ಕದ ಕುರ್ಚಿಯಲ್ಲಿ ದೊಡ್ಡಪ್ಪ ಗಾಡಿಗಳ ಹಾಜರಿ ತೆಗೆದುಕೊಳ್ಳುತ್ತಿದ್ದಾರೆ. ಒಂದು ಪುಟ ಮುಗಿಯುವಷ್ಟರಲ್ಲಿ ನಾನು ಚಕ್ಕಲಿಗೆಂದು ಮೂರು ಸಲ ಎದ್ದಿದ್ದೇನೆ. ಮೂರು ಸಲವೂ ಸುಗುಣಾ ಏನಾದರೊಂದು ಹೇಳಿದ ಮೇಲೆಯೇ ಡಬ್ಬಿ ತೆರೆದಳು. ಅವಳಿಗೆ ಈಜು ಕಲಿಯುವ ಆಸೆಯಿದೆ ಎಂದು ಎರಡನೇ ಚಕ್ಕಲಿಯ ಹೊತ್ತಿಗೆ ತಿಳಿಯಿತು.

ನಿಮ್ಮ ಗೋಡೆಗಳು ಕದಲುವುದಿಲ್ಲ, ಬಲ್ಲೆ. ಕುರ್ಚಿ ಕದಲುತ್ತದೆ, ಪೆಟ್ಟಿಗೆ ಕದಲುತ್ತದೆ, ಒಂದು ಮೊಳೆ ಹೊಡೆದರೆ ಕೌದಿ ನಿಲ್ಲುತ್ತದೆ. ಒಂದೇ ಕೇಳಿಕೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಪ್ರೀತಿಯಿಂದ ಎಲ್ಲವನ್ನೂ ಕೈಗೆಟಕುವಂತೆ ಇಟ್ಟಿದ್ದರೆ, ಅವರ ಜಾಗದಲ್ಲಿ ಒಮ್ಮೆ ಕೂತು ನೋಡಿ. ಅಲ್ಲಿಂದ ಏನು ಕಾಣುತ್ತದೆ, ಏಳಬೇಕೆಂದು ಏನಾದರೂ ಕರೆಯುತ್ತದೆಯೇ ಎಂದು ನೋಡಿ.

ಇಲ್ಲಿಗೆ ನಿಲ್ಲಿಸುತ್ತೇನೆ. ಕಾಳವ್ವ ಚಹಾ ಸೋಸಿದ ಸದ್ದು ಕೇಳಿಸಿತು. ಒಲೆ ಹದಿನೇಳು ಹೆಜ್ಜೆ ದೂರದಲ್ಲಿದೆ, ದೊಡ್ಡಪ್ಪ ಆಗಲೇ ಎದ್ದಿದ್ದಾರೆ.

ನಿಮ್ಮ
ದಾಕ್ಷಾಯಣಿ ಬಡಿಗೇರ