ನಲವತ್ತೇಳನೇ ನಂಬರಿನ ಬೆಸುಗೆ

ಪುಟ್ಟೇನಹಳ್ಳಿ, ಯಲಹಂಕ
ಜುಲೈ ೨೦೧೪

ಗೆಳೆಯ ಬೈರಣ್ಣ,

ಎರಡು ವರ್ಷ ತಡವಾಗಿ ಬರೆಯುತ್ತಿದ್ದೇನೆ. ಓದದೆ ಹರಿದರೂ ಅದು ನ್ಯಾಯವೇ.

ರೈಲಿನ ಎಣ್ಣೆ ಟ್ಯಾಂಕರ್ ಬಗ್ಗೆ ನನಗೆ ಗೊತ್ತಿದ್ದುದೆಲ್ಲ ರೈಲ್ವೆ ಷೆಡ್ಡಿನಲ್ಲಿ ಅವನ್ನು ಬೆಸೆಯುತ್ತಿದ್ದ ನೀನು ಕಲಿಸಿದ್ದು. ಯಶವಂತಪುರದ ಹೋಟೆಲಿನಲ್ಲಿ ಕಾಫಿ ಲೋಟವನ್ನು ಅಡ್ಡ ಮಲಗಿಸಿ ನೀನು ಹೇಳುತ್ತಿದ್ದೆ: "ಹಳೇ ಕಾಲದಲ್ಲಿ ತಗಡಿನ ಮೇಲೆ ತಗಡಿಟ್ಟು, ತೂತು ಕೊರೆದು ರಿವೆಟ್ ಮೊಳೆ ಹೊಡೀತಿದ್ರು ಗುರು. ಒಂದೊಂದು ತೂತೂ ಸೋರೋಕೆ ಒಂದೊಂದು ಬಾಯಿ. ಬೆಸುಗೆ ಬಂದ್ಮೇಲೆ ಇಡೀ ಟ್ಯಾಂಕು ಒಂದೇ ಚರ್ಮ ಆಯ್ತು. ತೂಕಾನೂ ಇಳೀತು." ಬೆಸೆದ ಮೇಲೆ ಎಕ್ಸ್‌ರೇ ತೆಗೆಯುತ್ತಾರೆ, ಕಪ್ಪು ಚುಕ್ಕೆ ಕಂಡರೆ ಕೆರೆದು ಮತ್ತೆ ಬೆಸೆಯಬೇಕು, ಕೊನೆಗೆ ಬೆಸೆದವನು ಪಕ್ಕದಲ್ಲೇ ತನ್ನ ನಂಬರನ್ನು ಉಳಿಯಿಂದ ಹೊಡೆಯಬೇಕು ಎಂದಿದ್ದೆ. ನಿನ್ನ ನಂಬರ್ ಯಾವುದೆಂದು ನಾನು ಕೇಳಲೇ ಇಲ್ಲ.

ಎರಡು ವರ್ಷದ ಹಿಂದಿನ ಆ ಬೇಸಿಗೆ ಗೂಡ್ಸ್ ಷೆಡ್ಡಿನ ಬಳಿ ನಿಂತಿದ್ದ ಟ್ಯಾಂಕರಿನ ಹೊಟ್ಟೆಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ತೊಟ್ಟಿಕ್ಕುತ್ತಿದ್ದುದು ಬೆಸುಗೆಯ ಗೆರೆಯಿಂದಲೇ. ಪಕ್ಕದಲ್ಲಿ ೪೭ ಎಂದಿತ್ತು. ಸಾವಿರಾರು ಜನ ಓಡಾಡುವ ಜಾಗ. ಸಿಟ್ಟು ನೆತ್ತಿಗೇರಿತು. ಅಂದೇ ಪತ್ರಿಕೆಗೆ ಬರೆದೆ, ನಂಬರನ್ನೂ ಸೇರಿಸಿ. ಮೂರನೇ ದಿನ ಅಚ್ಚಾಯಿತು.

ಆ ಪತ್ರಿಕೆ ಹಿಡಿದು ನೀನು ನಮ್ಮ ಬಾಗಿಲಲ್ಲಿ ನಿಂತೆ. "ನಲವತ್ತೇಳು ನಾನೇ ಕಣೋ. ಇನ್ಮೇಲೆ ಷೆಡ್ಡಿಗೆ ಕೆಲಸಕ್ಕೆ ಬರಬೇಡ ಅಂದ್ರು. ನೀನು ಮೇಲೆ ಹತ್ತಿ ನೋಡಿದ್ಯಾ?"

ನಾನು ಹೇಳಿದ್ದು ಇಷ್ಟೇ: "ತಿಳ್ಕೊಂಡೇ ಬರೆದಿದ್ದೀನಿ, ಬೈರಣ್ಣ."

ಆರು ವಾರದ ನಂತರ ತನಿಖೆಯಲ್ಲಿ ಗೊತ್ತಾಯಿತು: ಮೇಲಿನ ಮುಚ್ಚಳದ ರಬ್ಬರ್ ಸವೆದಿತ್ತು. ಅಲ್ಲಿಂದ ಸೋರಿದ ಎಣ್ಣೆ ನಿನ್ನ ಬೆಸುಗೆಯ ಉಬ್ಬಿದ ಏಣನ್ನೇ ದಾರಿ ಮಾಡಿಕೊಂಡು ಹೊಟ್ಟೆಯ ಸುತ್ತ ಇಳಿದು ಕೆಳಗೆ ತೊಟ್ಟಿಕ್ಕಿತ್ತು. ಬೆಸುಗೆಯಲ್ಲಿ ಕೂದಲೆಳೆಯ ಬಿರುಕೂ ಇರಲಿಲ್ಲ. ಆದರೂ ನಿನ್ನನ್ನು ಕೆಲಸಕ್ಕೆ ಮರಳಿ ಕರೆಯಲಿಲ್ಲ. ನಾನು ಆರು ಸಾಲಿನ ತಿದ್ದುಪಡಿ ಕಳಿಸಿದೆ, ಅಚ್ಚಾಗಲಿಲ್ಲ. ಹೆಬ್ಬಾಳ ಕೆರೆ ಉಳಿಸಲೆಂದು ಪತ್ರಿಕೆಗೆ ಹನ್ನೊಂದು ಪತ್ರ ಬರೆದವನು ನಿನಗಾಗಿ ಎರಡನೆಯದನ್ನು ಬರೆಯಲಿಲ್ಲ. ನಾಚಿಕೆಯಾಗಿತ್ತು. ಆ ನಾಚಿಕೆಯನ್ನು ಬಿಡುವಿಲ್ಲ ಎಂಬ ನೆಪದಲ್ಲಿ ಮುಚ್ಚಿಟ್ಟೆ.

ಹೋದ ವಾರ ಮಾಕಳಿಯ ನಿನ್ನ ಮನೆಗೆ ಬಂದಿದ್ದೆ. ನೀನು ಇರಲಿಲ್ಲ. ನೀನು ಬೆಸೆದ ಗೇಟುಗಳು ಗೋಡೆಗೆ ಒರಗಿದ್ದವು. ನಿನ್ನ ಹೆಂಡತಿ ದ್ರೌಪದಮ್ಮ ನೀರು ಕೊಟ್ಟು ಹೇಳಿದರು: "ಈಗ ಯಾವ್ದಕ್ಕೂ ನಂಬರ್ ಹೊಡೆಯಲ್ಲ ಅವ್ರು. ಆ ಉಳಿ ಎಲ್ಲಿಟ್ಟವ್ರೋ."

ನಮ್ಮ ಮನೆಗೊಂದು ಗೇಟು ಬೇಕು. ನೀನೇ ಮಾಡು, ಉಳಿ ಹುಡುಕಿ ತಾ. ರಸ್ತೆಗೆ ಕಾಣುವ ಕಡೆ ನಲವತ್ತೇಳು ಎಂದು ಹೊಡೆ. ಕೇಳಿದವರಿಗೆಲ್ಲ ಅದು ಯಾರ ನಂಬರ್, ನಾನು ಏನು ಮಾಡಿದೆ ಎಂದು ನಿಂತು ಹೇಳುತ್ತೇನೆ. ಬರಲು ಮನಸ್ಸಿಲ್ಲದಿದ್ದರೆ ಬೇಡ. ಗೇಟಿಲ್ಲದೆಯೇ ಇರುತ್ತೇನೆ.

ನಿನ್ನ ಕಣ್ಣು, ನಿನ್ನ ಕೈ ನೂರು ಕಾಲ ತಣ್ಣಗಿರಲಿ.

ಮೇಲೆ ಹತ್ತಿ ನೋಡದ,
ಆನಂದಪ್ಪ