ನೀಲವ್ವ ತೊಳೆಯಲು ಹೊರಟ ಬೆಡ್‌ಪ್ಯಾನ್

ಎರಡನೆಯ ಫೆಬ್ರುವರಿ 30, 2391 (ನಮ್ಮ ಹೊಸ ಪಂಚಾಂಗದಂತೆ)

ಮೆಹರುನ್ನಿಸಾ ಸಿಸ್ಟರ್ ಅವರಿಗೆ,

ನನ್ನ ಕನ್ನಡ ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ. ಅದನ್ನು ಕಲಿತದ್ದು ನಿಮ್ಮ ಹುಬ್ಬಳ್ಳಿಯ ವಾರ್ಡಿನ ಗೋಡೆಯಿಂದ. ಹಳೆಯ ಗಾರೆಯಲ್ಲಿ ಅಡಗಿದ ಮಾತನ್ನು ಹೊರತೆಗೆದು ಕೇಳುವುದಕ್ಕೆ ನಾವು ದನಿಬಿಡಿಕೆ ಎನ್ನುತ್ತೇವೆ. ನನ್ನ ಉದ್ಯೋಗ ಅದೇ.

ನಮ್ಮಲ್ಲಿ ಯಾರೂ ಹೊಟ್ಟೆ ಕೊಯ್ಯುವುದಿಲ್ಲ. ಸಾಸಿವೆಗಿಂತ ಸಣ್ಣದಾದ ಒಳಗಾವಲು ಎಂಬ ಯಂತ್ರ ರಕ್ತದಲ್ಲಿ ಅಲೆಯುತ್ತ, ನಾವು ತಿಂಡಿ ತಿನ್ನುವಷ್ಟರಲ್ಲಿ ಸಡಿಲವಾದ ನಾಳವನ್ನು ನೇಯ್ದು ಮುಗಿಸುತ್ತದೆ. ನನ್ನದನ್ನೂ ಎರಡು ಸಲ ನೇಯ್ದಿದೆಯಂತೆ, ನನಗೆ ಗೊತ್ತಾಗಲಿಲ್ಲ. ನಮ್ಮ ಮಲವನ್ನು ನಾವು ಕಂಡೇ ಇಲ್ಲ. ಹೀಗಾಗಿ ನಿಮ್ಮ ವಾರ್ಡಿನಲ್ಲಿ ಎಲ್ಲರೂ ಬೆಳಗಾದರೆ "ಗಾಳಿ ಹೋತೇನ್ರಿ?" ಎನ್ನುವುದನ್ನು ಪ್ರಾರ್ಥನೆಯೆಂದೇ ಬಹಳ ಕಾಲ ನಂಬಿದ್ದೆ.

ನಿಮ್ಮ ರೋಗಿ ಗುರುಪಾದ ಕಮ್ಮಾರರ ಹೊಟ್ಟೆಯ ದೊಡ್ಡ ರಕ್ತನಾಳ ಬಲೂನಿನಂತೆ ಉಬ್ಬಿತ್ತು. ಅದನ್ನು ಸೀಳಿ ಬಟ್ಟೆಯ ಕೊಳವೆ ಹೊಲಿದಿದ್ದರು. ಕರುಳು ಮೂರು ನಾಲ್ಕು ದಿನ ಮಲಗಿರುತ್ತದೆ, ಗಾಳಿಯೋ ಮಲವೋ ಹೋಗಿ ಅದು ಎದ್ದಿತೆಂದು ತಿಳಿಯುವವರೆಗೆ ಊಟವಿಲ್ಲ ಎಂದಿದ್ದರು. ಎರಡನೆಯ ದಿನವೇ ಭೇದಿಯಾಯಿತು. ಹೆಂಡತಿ ನೀಲವ್ವನ ಹಿಗ್ಗು ಗೋಡೆಯಲ್ಲಿ ಇನ್ನೂ ಇದೆ.

"ಸಿಸ್ಟರ್, ನಮ್ಮವರದು ಎಲ್ಲಾರಗಿಂತ ಮೊದಲ ಆತ್ರಿ! ಗಂಜಿ ಕಾಸ್ಕೊಂಡು ಬರ್ಲೇನು?"

"ಪೇಡೆ ಹಂಚಬೇ ನೀಲವ್ವಾ!" ಪಕ್ಕದ ಹಾಸಿಗೆಯ ದನಿ. ನಗು.

"ಪ್ಯಾನ್ ಎಲ್ಲಿಗೆ ಒಯ್ಯಾಕತ್ತೀರಿ?" ಇದು ನೀವು.

"ತೊಳಿಯಾಕ. ಗಂಡನ ಹೇಲು ಮಂದಿ ಮುಂದ ಇಡಾಕಾಗ್ತದೇನ್ರಿ?"

"ಇಲ್ಲೆ ಕೊಡ್ರಿ. ಮುಚ್ಚಳಾ ತಗೀರಿ."

ಆಮೇಲೆ ಹನ್ನೊಂದು ಸೆಕೆಂಡು ಮಾತಿಲ್ಲ. ಅದನ್ನು ನಲವತ್ತು ಸಲ ಕೇಳಿದ್ದೇನೆ.

"ನೀಲವ್ವಾರ, ಇದು ಚಲೋ ಸುದ್ದಿ ಅಲ್ರಿ. ರಕ್ತ ಐತಿ. ಡಾಕ್ಟರ್ನ ಕರೀತೀನಿ."

ಉಳಿದದ್ದು ನೀವು ಬರೆದಿಟ್ಟ ರೋಗಿಯ ದಾಖಲೆಯ ಹಾಳೆಯಲ್ಲಿದೆ. ಹೊಸ ಕೊಳವೆ ಹೊಲಿಯುವಾಗ ಕರುಳಿನ ಎಡಭಾಗಕ್ಕೆ ಹೋಗುವ ಚಿಕ್ಕ ಕವಲು ಮುಚ್ಚಿಹೋಗಿತ್ತು. ರಕ್ತ ಸಿಗದೆ ಆ ಭಾಗ ಸಾಯುತ್ತಿತ್ತು. ಕರುಳಿನೊಳಗೆ ಕ್ಯಾಮೆರಾ ತೂರಿಸಿದಾಗ ಒಳಗೆಲ್ಲ ಕಪ್ಪು. ಅಂದೇ ಮತ್ತೆ ಹೊಟ್ಟೆ ತೆರೆದು ಅಷ್ಟನ್ನೂ ತೆಗೆದರು, ಮಲ ಬೀಳಲು ಪಕ್ಕೆಗೊಂದು ಚೀಲ ಅಂಟಿಸಿದರು. ನೀಲವ್ವ ಆ ಪ್ಯಾನ್ ತೊಳೆದುಬಿಟ್ಟಿದ್ದರೆ ಸಂಜೆಯ ಹೊತ್ತಿಗೆ ತಡವಾಗುತ್ತಿತ್ತು. ಇಪ್ಪತ್ತಮೂರನೆಯ ದಿನ ರೋಗಿ ಚೀಲವನ್ನು ಬೈಯುತ್ತ ಬಾಗಿಲವರೆಗೆ ನಡೆದರು ಎಂದು ಬರೆದಿದ್ದೀರಿ.

ಒಬ್ಬನ ಜೀವ ಉಳಿಯಲು ಇನ್ನೊಬ್ಬರು ಬಗ್ಗಿ ನೋಡಬೇಕಾಗಿದ್ದ ಕಾಲವಿತ್ತೆಂದು ನಮ್ಮವರಿಗೆ ಹೇಗೆ ಹೇಳಲಿ, ತಿಳಿಯದು. ಆ ಹನ್ನೊಂದು ಸೆಕೆಂಡಿನೊಳಗೆ ನೀವು ಮೂಸಿ ನೋಡಿದ ಸಣ್ಣ ಸದ್ದೊಂದಿದೆ. ಬೇಡದ ಸದ್ದೆಂದು ಅದನ್ನು ಅಳಿಸಲು ನನಗೆ ಮೇಲಿನವರ ಆದೇಶ ಬಂದಿದೆ. ನನ್ನಿಂದಾಗದು. ಅದನ್ನು ಹಾಗೆಯೇ ಇಡಲು ನಿಮ್ಮ ಒಪ್ಪಿಗೆ ಬೇಕು. ಬೇಡವೆನ್ನುವ ದಾರಿ ನಿಮಗಿಲ್ಲವೆಂದು ಗೊತ್ತಿದ್ದೇ ಕೇಳುತ್ತಿದ್ದೇನೆ.

ತಿಳಿವಣ್ಣ