ರೊಟ್ಟಿ ಡಬ್ಬಿ ವಾಪಸು

ಮುಂಡಗೋಡ
ಸೋಮವಾರ

ಪಾಳಾ ಊರಿನ ಶಿವಗಂಗಾ ಅವರಿಗೆ,

ಹೋದ ಗುರುವಾರ ನೀವು ನನಗೆಂದು ರೊಟ್ಟಿ ಕಟ್ಟಿಕೊಂಡು ಬಂದಿರಿ. "ನಿಮಗೂ ನಿದ್ದಿ ಇಲ್ಲೇನ್ರಿ ಸರ? ನಿಮ್ಮ ದುಃಖ ಯಾರ ಮುಂದ ಹೇಳ್ಕೋತೀರಿ?" ಎಂದು ಕೇಳಿದಿರಿ. ಹೊರಗೆ ಬೆಂಚಿನ ಮೇಲೆ ಕೂತಿದ್ದವರಿಗೂ ಅದು ಕೇಳಿಸಿತು. ಆಪ್ತಸಮಾಲೋಚಕನಾಗಿ ಹದಿನೈದು ವರ್ಷವಾಯಿತು, ನನ್ನ ಮೇಲೆ ಯಾರೂ ಹೀಗೆ ಕನಿಕರ ತೋರಿಸಿರಲಿಲ್ಲ.

ಅದು ನಿಮ್ಮ ಕಾಯಿಲೆಯ ಲಕ್ಷಣವೆಂದು ಫೈಲಿನಲ್ಲಿ ಬರೆದಿದ್ದೇನೆ. ಇನ್ನು ಮುಂದೆ ಬರಬೇಡಿ. ನನಗೆ ಬೇಸರವೇನೂ ಇಲ್ಲ.

ಕೊಟ್ಟ ಡಬ್ಬಿಯನ್ನು ಖಾಲಿ ಕಳಿಸಬಾರದು ಎನ್ನುತ್ತಾರೆ. ಅದಕ್ಕೇ ಈ ಪತ್ರವನ್ನು ಅದರೊಳಗಿಟ್ಟು, ನಿಮ್ಮ ಅತ್ತೆಯವರ ಕೈಗೇ ಮುಟ್ಟಿಸಲು ಹೇಳಿದ್ದೇನೆ. ನೀವು ಗುರುವಾರ ಹೋಗುವುದು ಹೊಲಿಗೆ ಕ್ಲಾಸಿಗೆಂದು ಅವರು ಇನ್ನೂ ನಂಬಿದ್ದಾರಲ್ಲವೇ? ನಿಮಗೆ ಬಂದ ಕಾಗದವನ್ನೆಲ್ಲ ಅವರೇ ಮೊದಲು ಓದುತ್ತಾರೆಂದು ನೀವೇ ಅತ್ತು ಹೇಳಿದ್ದಿರಿ.

ನಿಮ್ಮ ಹಿತ ಬಯಸುವ,
ವೀರೇಶ